ಬ್ರೇಕ್ ಒತ್ತಿದರೆ ದೀಪ ಆರುವ ಅಂಬಾಸಿಡರ್

ಪ್ರಶ್ನೆ: ನನ್ನದು 1977ರ ಅಂಬಾಸಿಡರ್ ಮಾರ್ಕ್ 3. ಮನೆ ಉಡುಪಿಯ ಮಲ್ಪೆ ಹತ್ತಿರ, ಕಾರು ನಿಲ್ಲುವುದು ಅಂಗಳದ ಶೀಟಿನ ಮಾಡಿನಡಿ. ಈ ಮಳೆಗಾಲ ಕಳೆದ ಮೇಲೆ ಬ್ರೇಕ್ ಲೈಟಿನ ಕಾಟ ಶುರುವಾಗಿದೆ. ಪೆಡಲ್ ಮೆಲ್ಲ ಒತ್ತಿದರೆ ಎರಡೂ ಬದಿ ಉರಿಯುವುದಿಲ್ಲ. ಜೋರಾಗಿ ಒತ್ತಿದರೆ ಬಲಬದಿಯದ್ದು ಚೆನ್ನಾಗಿ ಉರಿಯುತ್ತದೆ, ಎಡಬದಿಯದ್ದು ಮಂಕು. ರಾತ್ರಿ ಪಾರ್ಕ್ ಲೈಟ್ ಹಾಕಿ ಬ್ರೇಕ್ ಒತ್ತಿದರೆ ಎಡಬದಿಯ ಕೆಂಪು ದೀಪ ಪೂರ್ತಿ ಆರಿಹೋಗುತ್ತದೆ. ಎಡ ಇಂಡಿಕೇಟರಿಗೆ ಏನೂ ತೊಂದರೆ ಇಲ್ಲ. ಬಲ್ಬ್ ಬದಲಿಸಿ ನೋಡಿಯಾಯಿತು. ಸ್ವಿಚ್ಚು ಕಾರಿನಡಿಯಲ್ಲಿ, ಬ್ರೇಕ್ ಪೈಪಿನ ಜಾಯಿಂಟಿನ ಮೇಲಿದೆ. ಇಡೀ ವಯರಿಂಗ್ ಕಿತ್ತು ಹೊಸದು ಹಾಕಬೇಕು ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಆರ್‌ಸಿ ನವೀಕರಣಕ್ಕೆ ಕಾರು ತೋರಿಸಬೇಕಾಗಿದೆ. ಮನೆಯಲ್ಲೇ ಸರಿಮಾಡಲು ಆದೀತೇ?

ಉತ್ತರ: ಆಗುತ್ತದೆ. ವಯರಿಂಗ್ ಕೀಳುವ ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮ ಕಾರಿನಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷ. ಎಡಬದಿಯ ಬಲ್ಬಿಗೆ ಅರ್ತ್, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ದಾರಿ, ಸಿಗುತ್ತಿಲ್ಲ. ಇನ್ನು ಎರಡೂ ಬದಿ ತಡವಾಗಿ ಉರಿಯುವುದಕ್ಕೆ ಕಾರಣ ಬ್ರೇಕ್ ಲೈಟ್ ಸ್ವಿಚ್ಚು, ಇಲ್ಲವೇ ಆ ಸ್ವಿಚ್ಚಿಗೆ ಒತ್ತಡ ಮುಟ್ಟಿಸಬೇಕಾದ ಬ್ರೇಕೇ. ಇವೆರಡನ್ನೂ ಒಂದೇ ದೋಷವೆಂದು ಹುಡುಕಹೋದರೆ ಬಲ್ಬಿನ ಮೇಲೆ ಬಲ್ಬ್ ಖರ್ಚಾಗುತ್ತದೆ, ಕೊನೆಗೆ ಯಾರಾದರೊಬ್ಬರು ವಯರಿಂಗಿನ ಮೇಲೆ ಗೂಬೆ ಕೂರಿಸುತ್ತಾರೆ.

ಎಡಬದಿಯನ್ನು ಮೊದಲು ನೋಡೋಣ. ಪಾರ್ಕ್ ಲೈಟ್ ಇದ್ದಾಗ ಬ್ರೇಕ್ ಒತ್ತಿದರೆ ದೀಪ ಆರುತ್ತದೆ ಎಂದಿರಲ್ಲ, ರೋಗ ಗುರುತಿಸಲು ಅದೊಂದೇ ಲಕ್ಷಣ ಸಾಕು. ಆ ಬಲ್ಬಿನೊಳಗೆ ಎರಡು ಫಿಲಮೆಂಟ್ ಇದೆ. ಬ್ರೇಕಿಗೆ 21 ವ್ಯಾಟ್, ಟೈಲಿಗೆ (ಪಾರ್ಕ್ ಲೈಟ್ ಹಾಕಿದಾಗ ಹಿಂದೆ ಉರಿಯುವ ದೀಪ) 5 ವ್ಯಾಟ್. ಎರಡಕ್ಕೂ ಕರೆಂಟ್ ಬರುವ ವಯರ್ ಬೇರೆ ಬೇರೆ, ಹಿಂದಿರುಗುವ ದಾರಿ ಮಾತ್ರ ಒಂದೇ: ಬಲ್ಬಿನ ಹಿತ್ತಾಳೆ ಮೈ, ಅಲ್ಲಿಂದ ಹೋಲ್ಡರ್, ಹೋಲ್ಡರಿನಿಂದ ಲ್ಯಾಂಪಿನ ತಳ, ತಳದಿಂದ ಕಾರಿನ ಬಾಡಿ. ಈ ದಾರಿ ಎಲ್ಲಾದರೂ ಕಡಿದರೆ, ಬ್ರೇಕ್ ಒತ್ತಿದಾಗ 21 ವ್ಯಾಟಿನ ಫಿಲಮೆಂಟ್ ಮೂಲಕ ಬಂದ ಕರೆಂಟ್ ಬಾಡಿಗೆ ಹೋಗಲಾರದೆ 5 ವ್ಯಾಟಿನ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಟೈಲ್ ವಯರ್ ಹಿಡಿದು ಬಲಬದಿಯ ಟೈಲ್ ಬಲ್ಬ್, ನಂಬರ್ ಪ್ಲೇಟ್ ಬಲ್ಬ್, ಮುಂದಿನ ಪಾರ್ಕ್ ಬಲ್ಬುಗಳನ್ನು ದಾಟಿ ಅರ್ತ್ ಸೇರುತ್ತದೆ. ಅಷ್ಟು ಬಲ್ಬುಗಳು ತಣ್ಣಗಿದ್ದು, ಒಟ್ಟಿಗೆ ಸೇರಿದಾಗ ಅವುಗಳ ರೆಸಿಸ್ಟೆನ್ಸ್ ಬಹಳ ಕಡಿಮೆ. ಹಾಗಾಗಿ ವೋಲ್ಟೇಜಿನ ಹೆಚ್ಚಿನ ಪಾಲು ಎಡಬದಿಯ 5 ವ್ಯಾಟ್ ಫಿಲಮೆಂಟಿನ ಮೇಲೆಯೇ ಬೀಳುತ್ತದೆ. ನೀವು ಹಗಲಿನಲ್ಲಿ ನೋಡುತ್ತಿರುವ ಆ ಮಂಕು ಬೆಳಕು ಬ್ರೇಕ್ ಫಿಲಮೆಂಟಿನದ್ದಲ್ಲ, ಟೈಲ್ ಫಿಲಮೆಂಟಿನದ್ದು. ಕೆಂಪು ಲೆನ್ಸ್ ಬಿಚ್ಚಿ, ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಬಲ್ಬಿನೊಳಗೆ ನೋಡಿ. ದಪ್ಪ ಫಿಲಮೆಂಟ್ ಕಪ್ಪಗಿದ್ದು ತೆಳುವಾದದ್ದು ಹೊಳೆಯುತ್ತಿದ್ದರೆ ಸಂಶಯವೇ ಬೇಡ.

ಈಗ ಪಾರ್ಕ್ ಲೈಟ್ ಹಾಕಿ ಬ್ರೇಕ್ ಒತ್ತಿ. ಟೈಲ್ ವಯರಿನಲ್ಲೂ 12 ವೋಲ್ಟ್, ಬ್ರೇಕ್ ವಯರಿನಲ್ಲೂ 12 ವೋಲ್ಟ್. ಎರಡು ಕಡೆ ಸಮಾನ ವೋಲ್ಟೇಜ್ ಇದ್ದು ನಡುವೆ ಇಳಿಯಲು ಅರ್ತ್ ಇಲ್ಲದಿದ್ದರೆ ಕರೆಂಟ್ ಯಾವ ಕಡೆಗೂ ಹರಿಯುವುದಿಲ್ಲ. ಎರಡೂ ಫಿಲಮೆಂಟ್ ಒಟ್ಟಿಗೆ ಆರುತ್ತವೆ. ರಾತ್ರಿ ಹಿಂದಿನಿಂದ ಬರುವವನಿಗೆ ನೀವು ಬ್ರೇಕ್ ಹಾಕುವ ಕ್ಷಣದಲ್ಲೇ ಎಡಬದಿ ಕಾಣದಾಗುತ್ತದೆ. ಬ್ರೇಕ್ ಲೈಟ್ ಇಲ್ಲದಿರುವುದಕ್ಕಿಂತ ಇದು ಅಪಾಯ. ಸರಿಯಾಗುವ ತನಕ ರಾತ್ರಿ ಹೊತ್ತು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿಯಬೇಡಿ.

ಇಂಡಿಕೇಟರ್ ಸರಿಯಿದೆ ಎಂದು ಬರೆದದ್ದು ಒಳ್ಳೆಯದಾಯಿತು. ಲ್ಯಾಂಪಿನ ತಳದಿಂದ ಬಾಡಿಗೆ ಹೋಗುವ ಅರ್ತ್ ಕಡಿದಿದ್ದರೆ ಅದೇ ತಳದ ಮೇಲಿರುವ ಇಂಡಿಕೇಟರ್ ಬಲ್ಬೂ ಹುಚ್ಚಾಟ ಆಡಬೇಕಿತ್ತು: ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವುದು, ಇಂಡಿಕೇಟರ್ ಹಾಕಿದಾಗ ಕೆಂಪು ದೀಪ ತಾಳಹಾಕುವುದು. ಹಾಗಿಲ್ಲದಿರುವುದರಿಂದ ತಳ ಬಾಡಿಗೆ ಸರಿಯಾಗಿಯೇ ಕೂತಿದೆ. ಕಡಿದಿರುವುದು ಹೋಲ್ಡರಿಗೂ ತಳಕ್ಕೂ ನಡುವೆ, ಅಂದರೆ ಹೋಲ್ಡರನ್ನು ತಳಕ್ಕೆ ಹಿಡಿದಿಟ್ಟ ರಿವೆಟ್ಟಿನಲ್ಲಿ ಅಥವಾ ಮಡಿಕೆಯಲ್ಲಿ.

ಇದನ್ನು ಖಚಿತ ಮಾಡಿಕೊಳ್ಳಲು ಮೂರು ಮೀಟರ್ ವಯರ್, ಎರಡು ಕ್ರೊಕೊಡೈಲ್ ಕ್ಲಿಪ್ ಸಾಕು. ವಯರ್ 1.5 ಚದರ ಮಿಲಿಮೀಟರಿನದ್ದಿರಲಿ. ಒಂದು ತುದಿಯನ್ನು ಡಿಕ್ಕಿಯೊಳಗೆ ಬಣ್ಣ ಕೆರೆದ ಒಂದು ಬೋಲ್ಟಿಗೆ ಕಚ್ಚಿಸಿ. ಸೀಟಿಗೂ ಪೆಡಲಿಗೂ ನಡುವೆ ಮರದ ತುಂಡು ಕೊಟ್ಟು ಬ್ರೇಕ್ ಒತ್ತಿಹಿಡಿಯಿರಿ, ಇಗ್ನಿಷನ್ ಆನ್ ಇರಲಿ. ವಯರಿನ ಇನ್ನೊಂದು ತುದಿಯನ್ನು ಮೊದಲು ಲ್ಯಾಂಪಿನ ತಳಕ್ಕೆ ಮುಟ್ಟಿಸಿ: ಏನೂ ಬದಲಾಗದು. ನಂತರ ಹೋಲ್ಡರಿನ ಹಿತ್ತಾಳೆ ಮೈಗೆ ಮುಟ್ಟಿಸಿ: ದೀಪ ಭಗ್ಗನೆ ಹತ್ತಿಕೊಳ್ಳಬೇಕು. ತಳಕ್ಕೆ ಮುಟ್ಟಿಸಿದಾಗಲೇ ಹತ್ತಿದರೆ ನನ್ನ ಊಹೆ ತಪ್ಪು, ಕಡಿದಿರುವುದು ತಳ ಮತ್ತು ಬಾಡಿಯ ನಡುವೆ. ಹೇಗಿದ್ದರೂ ಮದ್ದು ಒಂದೇ.

ಮಲ್ಟಿಮೀಟರ್ ಇದ್ದವರು ಮಾಡುವ ಸಾಮಾನ್ಯ ತಪ್ಪೊಂದನ್ನು ಇಲ್ಲಿ ಹೇಳಬೇಕು. ಬಲ್ಬ್ ತೆಗೆದು, ಮೀಟರನ್ನು ಬೀಪ್ ಆಗುವ ಕಡೆಗೆ ತಿರುಗಿಸಿ, ಹೋಲ್ಡರಿಗೂ ಬಾಡಿಗೂ ಮುಟ್ಟಿಸುತ್ತಾರೆ. ಬೀಪ್ ಬಂತು, ಅರ್ತ್ ಸರಿಯಿದೆ ಎನ್ನುತ್ತಾರೆ. ಮೀಟರ್ ಕಳಿಸುವ ಕರೆಂಟ್ ಒಂದೆರಡು ಮಿಲಿ ಆಂಪಿಯರ್ ಅಷ್ಟೇ. ತುಕ್ಕಿನ ನಡುವೆ ಒಂದು ಸೂಜಿಮೊನೆಯಷ್ಟು ಲೋಹ ತಾಗಿದ್ದರೂ, ವಯರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. 21 ವ್ಯಾಟಿನ ಬಲ್ಬಿಗೆ 1.75 ಆಂಪಿಯರ್ ಹರಿಯಬೇಕು. ಅದಕ್ಕೇ ಅಳತೆ ಯಾವಾಗಲೂ ದೀಪ ಉರಿಯುತ್ತಿರುವಾಗ, ವೋಲ್ಟ್ ಇಟ್ಟು ನೋಡಬೇಕು. ಬ್ರೇಕ್ ಒತ್ತಿದ್ದಾಗ ಒಂದು ಮುಳ್ಳು ಹೋಲ್ಡರಿನ ಮೈಗೆ, ಇನ್ನೊಂದು ಬ್ಯಾಟರಿಯ ಅರ್ತ್ ಕಂಬಕ್ಕೆ: 0.2 ವೋಲ್ಟಿನೊಳಗಿದ್ದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೆಲಸವಿದೆ. ಎಡಬದಿಯಲ್ಲಿ ನಿಮಗೆ ಇದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತದೆ. ಅಂದ ಹಾಗೆ, ಈ ಕಾರುಗಳ ಹಳೆಯ ಪೀಳಿಗೆಯಲ್ಲಿ ಪಾಸಿಟಿವ್ ಅರ್ತ್ ಇದ್ದವೂ ಇವೆ. ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ಎಂದು ಮೊದಲೇ ನೋಡಿಕೊಳ್ಳಿ. ಮಾಮೂಲಿ ಬಲ್ಬಿಗೆ ಅದರಿಂದ ವ್ಯತ್ಯಾಸವಿಲ್ಲ, ಎಲ್‌ಇಡಿಗೂ ಡಯೋಡ್ ಇರುವ ರಿಲೇಗೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚು) ಇದೆ.

ನಮ್ಮ ಕರಾವಳಿಯಲ್ಲಿ ಈ ರೋಗ ಇಷ್ಟು ಸಾಮಾನ್ಯವಾಗಿರಲು ಕಾರಣವಿದೆ. ಹಿತ್ತಾಳೆ ಹೋಲ್ಡರ್, ಕಬ್ಬಿಣದ ರಿವೆಟ್, ಸತುವಿನ ಮಿಶ್ರಲೋಹದ ತಳ: ಮೂರು ಬೇರೆ ಬೇರೆ ಲೋಹ ಒಂದನ್ನೊಂದು ತಾಗಿಕೊಂಡಿವೆ. ಅವುಗಳ ನಡುವೆ ಉಪ್ಪುನೀರಿನ ಪಸೆ ಸೇರಿದರೆ ಸಣ್ಣದೊಂದು ಬ್ಯಾಟರಿಯೇ ಆಗಿ, ಸತು ಬಿಳಿ ಪುಡಿಯಾಗಿ ಉದುರುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವ ಆರುವುದೇ ಇಲ್ಲ. ಅದೇ ಕಾರು ದಾವಣಗೆರೆಯಲ್ಲಿದ್ದರೆ ಈ ಹೋಲ್ಡರ್ ಇನ್ನೆಷ್ಟೋ ವರ್ಷ ಬಾಳುತ್ತಿತ್ತು. ಮರವಂತೆಯಂಥ ಕಡೆ ಅಲೆಯ ತುಂತುರಿನಲ್ಲಿ ಓಡಾಡಿ ಬಂದರೆ ಕಾರಿನ ಹಿಂಭಾಗಕ್ಕೂ ಅಡಿಭಾಗಕ್ಕೂ ಸಿಹಿನೀರು ಹಾಯಿಸುವುದು ಒಳ್ಳೆಯದು.

ಸರಿಮಾಡುವ ಕ್ರಮ ಹೀಗೆ. ಬ್ಯಾಟರಿಯ ಅರ್ತ್ ಕಳಚಿ. ಡಿಕ್ಕಿಯ ಒಳಗಿನಿಂದ ಲ್ಯಾಂಪಿನ ನಟ್ಟುಗಳನ್ನು ಬಿಚ್ಚಿ. ತುಕ್ಕು ಹಿಡಿದು ಸ್ಟಡ್ ಮುರಿಯುವ ಸಂಭವ ಇದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಲ್ಯಾಂಪ್ ಕೈಗೆ ಬಂದ ಮೇಲೆ ಹೋಲ್ಡರಿನ ಒಳಭಾಗವನ್ನು ಹಿತ್ತಾಳೆ ಬ್ರಶ್ಶಿನಲ್ಲಿ, ನಂತರ 400 ನಂಬರಿನ ಎಮೆರಿ ಪೇಪರನ್ನು ಪೆನ್ಸಿಲಿಗೆ ಸುತ್ತಿ ಉಜ್ಜಿ. ಹಿತ್ತಾಳೆ ಹೊಳೆಯಬೇಕು. ತಳದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಫೈಬರ್ ಬಿಲ್ಲೆ ಇದೆ, ಅದರ ಎರಡು ಕಾಂಟ್ಯಾಕ್ಟುಗಳನ್ನೂ ಉಜ್ಜಿ. ಬೆರಳಲ್ಲಿ ಒತ್ತಿದರೆ ಬಿಲ್ಲೆ ಚಟ್ಟನೆ ಮೇಲೆ ಚಿಮ್ಮಬೇಕು. ಸ್ಪ್ರಿಂಗ್ ಸತ್ತಿದ್ದರೆ, ಫೈಬರ್ ಸುಟ್ಟು ಕಪ್ಪಾಗಿದ್ದರೆ ಹೋಲ್ಡರನ್ನೇ ಬದಲಿಸುವುದು ಲೇಸು. ಎರಡು ಕಾಂಟ್ಯಾಕ್ಟಿನ, ಮೇಲೆ ಕೆಳಗೆ ಪಿನ್ನಿನ ಹೋಲ್ಡರ್ ಯಾವುದೇ ಆಟೊ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಮಾನು.

ರಿವೆಟ್ಟನ್ನು ನಂಬಿ ಕೂರಬೇಡಿ. ಹೋಲ್ಡರಿನ ಹಿತ್ತಾಳೆ ಮೈಗೆ ನೇರವಾಗಿ ಒಂದು ಕಪ್ಪು ವಯರ್ ಬೆಸುಗೆ ಹಾಕಿ, 1.5 ಚದರ ಮಿಲಿಮೀಟರಿನದ್ದು. ಬೆಸೆಯುವ ಜಾಗವನ್ನು ಕೆರೆದು, ರಾಳದ ಫ್ಲಕ್ಸ್ ಇರುವ ಸೋಲ್ಡರ್ ಬಳಸಿ. ಆಸಿಡ್ ಫ್ಲಕ್ಸ್ ಬೇಡ, ನಮ್ಮ ಹವೆಯಲ್ಲಿ ಒಂದೇ ಮಳೆಗಾಲಕ್ಕೆ ತಿಂದುಹಾಕುತ್ತದೆ. ಫೈಬರ್ ಬಿಲ್ಲೆಯನ್ನು ಹೊರಗೆ ತೆಗೆದಿಟ್ಟು ಬೆಸೆಯಿರಿ. ವಯರಿನ ಇನ್ನೊಂದು ತುದಿಗೆ 6 ಮಿಲಿಮೀಟರ್ ರಿಂಗ್ ಟರ್ಮಿನಲ್. ಡಿಕ್ಕಿಯೊಳಗೆ ಒಣಗಿರುವ ಗಟ್ಟಿ ತಗಡಿನಲ್ಲಿ ಒಂದು ಜಾಗ ಆರಿಸಿ, ಒಂದು ರೂಪಾಯಿ ನಾಣ್ಯದಗಲ ಬಣ್ಣ, ಪುಟ್ಟಿ ಎಲ್ಲ ಕೆರೆದು ಬಿಳಿ ಲೋಹ ಕಾಣಿಸಿ, ಹಲ್ಲಿನ ವಾಶರ್ ಕೊಟ್ಟು 6 ಮಿಲಿಮೀಟರ್ ಬೋಲ್ಟಿನಲ್ಲಿ ಬಿಗಿಯಿರಿ. ಬಿಗಿದಾದ ಮೇಲೆ ಅದರ ಮೇಲೆಲ್ಲ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಬಲಬದಿಗೂ ಇದೇ ಉಪಚಾರ ಮಾಡಿ, ಎರಡು ವಯರೂ ಅದೇ ಬೋಲ್ಟಿಗೆ ಬರಲಿ. ಬಲಬದಿ ಈಗ ಸರಿಯಿದೆ ನಿಜ, ಆದರೆ ಅದರ ರಿವೆಟ್ಟೂ ಇಷ್ಟೇ ಮಳೆಗಾಲ ಕಂಡಿದೆ.

ಬಲ್ಬ್ ಹಾಕುವಾಗ ಎರಡು ಸಂಗತಿ. ಬಲ್ಬಿನ ಬುಡದಲ್ಲಿ 12ವಿ 21/5 ವ್ಯಾಟ್ ಎಂದು ಒತ್ತಿರಬೇಕು. ಹೆಸರಿಲ್ಲದ ಬಲ್ಬುಗಳಲ್ಲಿ ಈ ಅಂಕಿಗೂ ಬೆಳಕಿಗೂ ತಾಳೆ ಇರುವುದಿಲ್ಲ. ಎರಡನೆಯದಾಗಿ, ಈ ಬಲ್ಬಿನ ಎರಡು ಪಿನ್ನುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇರುವುದು ತಿರುಗುಮುರುಗಾಗದಿರಲಿ ಎಂದೇ. ಹಳೆಯ ಹೋಲ್ಡರಿನ ತೋಡು ಸವೆದು ಅಗಲವಾಗಿದ್ದರೆ ಬಲ ಹಾಕಿದಾಗ ತಲೆಕೆಳಗಾಗಿಯೂ ಕೂತುಬಿಡುತ್ತದೆ. ಆಗ ಪಾರ್ಕ್ ಲೈಟ್ ಝಗಮಗ, ಬ್ರೇಕ್ ಮಿಣಮಿಣ. ಪಿನ್ನುಗಳು ಒಂದೇ ಎತ್ತರದಲ್ಲಿರುವ ಎರಡು ಕಾಂಟ್ಯಾಕ್ಟಿನ ಬಲ್ಬೂ ಮಾರುಕಟ್ಟೆಯಲ್ಲಿದೆ, ಅದನ್ನು ಅಂಗಡಿಯವರು ಕೊಟ್ಟರೆ ತಿರುಗಿ ಕೊಡಿ.

ಎಡಬದಿಯ ಕಥೆ ಇಷ್ಟು. ಈಗ ತಡವಾಗಿ ಉರಿಯುವುದು.

ನಿಮ್ಮದು ಒತ್ತಡದ ಸ್ವಿಚ್ಚು. ಪೆಡಲಿನ ಚಲನೆ ಅದಕ್ಕೆ ಗೊತ್ತಿಲ್ಲ, ಪೈಪಿನೊಳಗೆ ಬ್ರೇಕ್ ಆಯಿಲ್ ಒತ್ತಡ ಕೆಲವು ಬಾರ್‌ನಷ್ಟು ಏರಿದಾಗ ಒಳಗಿನ ಪೊರೆ ಉಬ್ಬಿ ಕಾಂಟ್ಯಾಕ್ಟನ್ನು ಕೂಡಿಸುತ್ತದೆ. ಹೀಗಿರುವುದರಿಂದ ತಡಕ್ಕೆ ಎರಡು ಬೇರೆ ಕಾರಣ ಇರಬಹುದು. ಸ್ವಿಚ್ಚು ಮುದಿಯಾಗಿ ಹೆಚ್ಚು ಒತ್ತಡ ಕೇಳುತ್ತಿರಬಹುದು, ಇಲ್ಲವೇ ಸ್ವಿಚ್ಚು ಸರಿಯಿದ್ದು ಒತ್ತಡ ಏರುವುದೇ ತಡವಾಗುತ್ತಿರಬಹುದು. ಚಕ್ರದ ಡ್ರಮ್ಮಿನೊಳಗೆ ಅದನ್ನು ಒತ್ತಿಹಿಡಿಯುವ ಶೂ ಸವೆದು ಅಡ್ಜಸ್ಟ್ ಮಾಡದೆ ಬಿಟ್ಟರೆ, ಪೈಪಿನಲ್ಲಿ ಗಾಳಿ ಸೇರಿದ್ದರೆ, ಪೆಡಲಿನ ಅರ್ಧ ಪಯಣ ಆ ಸಡಿಲ ತುಂಬುವುದರಲ್ಲೇ ಮುಗಿಯುತ್ತದೆ. ಇದನ್ನು ನೋಡದೆ ಸ್ವಿಚ್ಚಿನ ಮೇಲೆ ಸ್ವಿಚ್ಚು ಬದಲಿಸುವವರು ಬಹಳ ಮಂದಿ.

ಬೇರ್ಪಡಿಸುವುದು ಸುಲಭ. ಪೆಡಲನ್ನು ಬೇಗಬೇಗನೆ ಎರಡು ಮೂರು ಸಲ ಒತ್ತಿ ಬಿಟ್ಟು, ಕೊನೆಯ ಸಲ ಮೆಲ್ಲ ಒತ್ತಿ. ಪೆಡಲ್ ಮೊದಲಿಗಿಂತ ಎತ್ತರದಲ್ಲಿ ನಿಂತು ದೀಪವೂ ಬೇಗ ಹತ್ತಿದರೆ ದೋಷ ಬ್ರೇಕಿನದ್ದು: ಶೂ ಅಡ್ಜಸ್ಟ್ ಮಾಡಿಸಿ, ಗಾಳಿ ತೆಗೆಸಿ. ಪೆಡಲ್ ಮೊದಲಿನಿಂದಲೂ ಎತ್ತರವಾಗಿ, ಗಟ್ಟಿಯಾಗಿ ಇದ್ದು, ಕಾಲಿಗೆ ಬ್ರೇಕ್ ಹಿಡಿದದ್ದು ತಿಳಿದರೂ ದೀಪ ಬರದಿದ್ದರೆ ದೋಷ ಸ್ವಿಚ್ಚಿನದ್ದು. ಇದಾದ ಮೇಲೆ ಸ್ವಿಚ್ಚಿನ ಎರಡು ವಯರುಗಳನ್ನು ಕಳಚಿ ಒಂದಕ್ಕೊಂದು ಮುಟ್ಟಿಸಿ, ಇಗ್ನಿಷನ್ ಆನ್ ಇಟ್ಟು. ಎರಡೂ ದೀಪ ಪೂರ್ಣವಾಗಿ ಉರಿಯಬೇಕು. ಉರಿದರೆ ಫ್ಯೂಸಿನಿಂದ ಡಿಕ್ಕಿಯ ತನಕದ ವಯರ್ ಸರಿಯಿದೆ ಎಂದೇ ಅರ್ಥ, ಇಡೀ ವಯರಿಂಗ್ ಬದಲಿಸುವ ಚರ್ಚೆ ಅಲ್ಲಿಗೆ ಮುಗಿಯಿತು.

ಕಾರಿನಡಿಗೆ ಹೋಗುವ ಮುನ್ನ ಒಂದು ಎಚ್ಚರಿಕೆ. ನಮ್ಮಲ್ಲಿ ಅಂಗಳದಲ್ಲಿ ಕೆಂಪುಕಲ್ಲು ಬಿದ್ದಿರುತ್ತದೆ, ಜಾಕ್ ಎತ್ತಿ ಅದನ್ನೇ ಕೊಟ್ಟು ಅಡಿಗೆ ತೂರುತ್ತಾರೆ. ಮಾರಾಯ್ರೆ, ಆ ಕಲ್ಲು ಭಾರ ಬಿದ್ದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೋಳಾಗುತ್ತದೆ, ಒದ್ದೆಯಾಗಿದ್ದರಂತೂ ಕೇಳುವುದೇ ಬೇಡ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನ ಪಿಟ್ಟಿಗೆ ಕೊಂಡೊಯ್ಯಿರಿ. ಚಕ್ರಕ್ಕೆ ಅಡ್ಡ ಕೊಡುವುದನ್ನು ಮರೆಯಬೇಡಿ.

ಸ್ವಿಚ್ಚಿನ ಟರ್ಮಿನಲ್ ಸುತ್ತ ಎಣ್ಣೆಯ ಪಸೆ ಇದೆಯೇ ನೋಡಿ. ಇದ್ದರೆ ಪೊರೆ ಒಡೆದು ಬ್ರೇಕ್ ಆಯಿಲ್ ಹೊರಬರುತ್ತಿದೆ. ಅದು ಇನ್ನು ದೀಪದ ವಿಷಯವಲ್ಲ, ಬ್ರೇಕಿನ ವಿಷಯ. ಅಂಥ ಕಾರನ್ನು ಓಡಿಸಬಾರದು. ಪಸೆ ಇಲ್ಲದೆ ಒಣಗಿದ್ದು, ದೀಪ ಮಾತ್ರ ತಡವಾಗುತ್ತಿದ್ದರೆ ಕಾಂಟ್ಯಾಕ್ಟ್ ಸುಟ್ಟಿದೆ. ಎರಡು ಬಲ್ಬಿನ 3.5 ಆಂಪಿಯರ್ ಈ ಸಣ್ಣ ಕಾಂಟ್ಯಾಕ್ಟಿನ ಮೂಲಕವೇ ಹೋಗಬೇಕು. ಅಷ್ಟೇ ಅಲ್ಲ, ತಣ್ಣಗಿನ ಫಿಲಮೆಂಟಿನ ರೆಸಿಸ್ಟೆನ್ಸ್ ಬಿಸಿಯಾಗಿರುವಾಗಿನ ಹತ್ತನೇ ಒಂದರಷ್ಟೇ ಇರುವುದರಿಂದ ಹತ್ತುವ ಕ್ಷಣದಲ್ಲಿ ಇದರ ಎಷ್ಟೋ ಪಟ್ಟು ಕರೆಂಟ್ ನುಗ್ಗುತ್ತದೆ. ಒತ್ತಡ ನಿಧಾನವಾಗಿ ಏರುವಾಗ ಕಾಂಟ್ಯಾಕ್ಟೂ ನಿಧಾನವಾಗಿ ಕೂಡುತ್ತದೆ, ನಡುವೆ ಕಿಡಿ ಹಾರಿ ಪ್ರತಿ ಸಲ ಚೂರುಚೂರೇ ಸುಡುತ್ತದೆ. ಸ್ವಿಚ್ಚನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ, ಬದಲಿಸಬೇಕು.

ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಕುಲದ್ದು. ಆ ಕಾಲದ ಬ್ರಿಟಿಷ್ ಕಾರುಗಳ ಸ್ವಿಚ್ಚಿಗೆ ಸಾಮಾನ್ಯವಾಗಿ 1/8 ಇಂಚಿನ, ತುದಿಯತ್ತ ಕಿರಿದಾಗುವ ಪೈಪ್ ಥ್ರೆಡ್ ಇರುತ್ತದೆ. ಆದರೂ ಹಳೆಯದನ್ನು ಪಕ್ಕದಲ್ಲಿಟ್ಟು ಥ್ರೆಡ್ ಹೋಲಿಸಿಯೇ ಕೊಳ್ಳಿ. ಎಷ್ಟು ಕೈ ಬದಲಾದ ಕಾರೋ, ಯಾರು ಯಾವ ಜಾಯಿಂಟ್ ಹಾಕಿದ್ದಾರೋ. ಮೆಟ್ರಿಕ್ ಥ್ರೆಡ್ಡಿನದ್ದನ್ನು ಬಲವಂತವಾಗಿ ತಿರುಗಿಸಿದರೆ ಹಿತ್ತಾಳೆ ಜಾಯಿಂಟ್ ಹಾಳಾಗುತ್ತದೆ, ಅದು ಸ್ವಿಚ್ಚಿನಷ್ಟು ಸುಲಭಕ್ಕೆ ಸಿಗುವ ಸಾಮಾನಲ್ಲ. ಹೊಸ ಸ್ವಿಚ್ಚಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಕೊಳಾಯಿಗೆ ಸರಿ, ಬ್ರೇಕಿಗೆ ಅದರ ಚೂರು ಒಳಗೆ ಹೋದರೆ ರಂಧ್ರ ಕಟ್ಟಿಕೊಳ್ಳುತ್ತದೆ.

ಜಾಯಿಂಟಿನ ಸುತ್ತ ಮಣ್ಣನ್ನು ಪೂರ್ತಿ ಉಜ್ಜಿ ತೆಗೆಯಿರಿ, ನಮ್ಮ ಕೆಂಪುಮಣ್ಣಿನ ಒಂದು ಹರಳು ಒಳಗೆ ಹೋಗಬಾರದು. ಬ್ರೇಕ್ ಆಯಿಲ್ ಡಬ್ಬಿ ತುಂಬಿಸಿಡಿ. ಹಳೆಯ ಸ್ವಿಚ್ಚನ್ನು ಸಡಿಲಿಸಿ, ಹೊಸದನ್ನು ಕೈಯಲ್ಲಿ ಹಿಡಿದೇ ಹಳೆಯದನ್ನು ತೆಗೆದು ತಕ್ಷಣ ಇದನ್ನು ತಿರುಗಿಸಿ. ಈ ನಡುವೆ ಯಾರೂ ಪೆಡಲ್ ಮುಟ್ಟಬಾರದು. ಕೈಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಒಂದರಿಂದ ಒಂದೂವರೆ ಸುತ್ತು ಸಾಕು. ಬೇಗ ಮಾಡಿದರೆ ನಾಲ್ಕಾರು ಹನಿಯಷ್ಟೇ ಚೆಲ್ಲುತ್ತದೆ, ಗಾಳಿ ಸೇರದೆಯೂ ಇರಬಹುದು. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಗಾಳಿ ತೆಗೆಯಲೇಬೇಕು: ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಭಾಗ) ದೂರದ ಚಕ್ರದಿಂದ ಶುರುಮಾಡಿ, ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಂತರ ಪೆಡಲನ್ನು ಒಂದು ನಿಮಿಷ ಜೋರಾಗಿ ಒತ್ತಿಹಿಡಿದು ಸ್ವಿಚ್ಚಿನ ಬುಡಕ್ಕೆ ಒಣ ಕಾಗದ ಒತ್ತಿ ನೋಡಿ. ಒದ್ದೆಯಾದರೆ ಇನ್ನು ಕಾಲು ಸುತ್ತು. ಚೆಲ್ಲಿದ ಬ್ರೇಕ್ ಆಯಿಲನ್ನು ಕೂಡಲೇ ನೀರಿನಲ್ಲಿ ತೊಳೆಯಿರಿ, ಬಣ್ಣ ಕಿತ್ತುಬರುತ್ತದೆ.

ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಬಳಸಿ. ತೇವ ಹೀರುವುದಿಲ್ಲ ಎಂಬ ಕಾರಣಕ್ಕೆ ಕರಾವಳಿಯವರಿಗೆ ಸಿಲಿಕೋನಿನ ಡಾಟ್ 5 ಶಿಫಾರಸು ಮಾಡುವವರಿದ್ದಾರೆ. ಅದು ಇವುಗಳ ಜೊತೆ ಬೆರೆಯುವುದಿಲ್ಲ, ಮೇಲಾಗಿ ಒತ್ತಡದ ಬ್ರೇಕ್ ಲೈಟ್ ಸ್ವಿಚ್ಚುಗಳು ಅದರಲ್ಲಿ ಬೇಗ ಕೈಕೊಡುತ್ತವೆ ಎಂಬ ದೂರು ಹಳೆ ಕಾರಿನವರಲ್ಲಿ ಸಾಮಾನ್ಯ.

ಹೊಸ ಸ್ವಿಚ್ಚು ಬಾಳಬೇಕಾದರೆ ಒಂದು ರಿಲೇ ಹಾಕುವುದು ಒಳ್ಳೆಯದು. ಈಗ ಸಿಗುವ ಸ್ವಿಚ್ಚುಗಳ ಕಾಂಟ್ಯಾಕ್ಟ್ ಹಳೆಯದರಷ್ಟು ಗಟ್ಟಿಯಲ್ಲ. 12 ವೋಲ್ಟಿನ ನಾಲ್ಕು ಕಾಲಿನ ಮಾಮೂಲಿ ರಿಲೇ ಸಾಕು, ಕಾಲುಗಳ ಬಳಿ 30, 85, 86, 87 ಎಂದು ಅಂಕಿ ಇರುತ್ತದೆ. ಸ್ವಿಚ್ಚಿನಿಂದ ದೀಪಕ್ಕೆ ಹೋಗುತ್ತಿದ್ದ ವಯರನ್ನು ಕತ್ತರಿಸಿ, ಸ್ವಿಚ್ಚಿನ ಕಡೆಯ ತುದಿ 86ಕ್ಕೆ, 85 ಅರ್ತಿಗೆ, ದೀಪದ ಕಡೆಯ ತುದಿ 87ಕ್ಕೆ, 30ಕ್ಕೆ 7.5 ಆಂಪಿಯರ್ ಫ್ಯೂಸಿನ ಮೂಲಕ ಬ್ಯಾಟರಿಯ ಕರೆಂಟ್. ಆಗ ಸ್ವಿಚ್ಚಿನ ಮೂಲಕ ಹೋಗುವುದು ರಿಲೇ ಕಾಯಿಲಿನ 0.15 ಆಂಪಿಯರಿನಷ್ಟು ಮಾತ್ರ. ಕಾಯಿಲಿಗೆ ಅಡ್ಡವಾಗಿ ರೆಸಿಸ್ಟರ್ ಇರುವ ರಿಲೇ ಕೇಳಿ ತನ್ನಿ, ಕಳಚುವಾಗಿನ ಕಿಡಿಯನ್ನು ಅದು ತಡೆಯುತ್ತದೆ. ರಿಲೇಯ ಕಾಲುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. ಆದರೆ ಅರ್ತ್ ಸರಿಮಾಡದೆ ರಿಲೇ ಹಾಕಿದರೆ ಎಡಬದಿಯ ದೀಪ ಈಗಿನ ಹಾಗೆಯೇ ಇರುತ್ತದೆ. ಕ್ರಮ ತಪ್ಪಿಸಬೇಡಿ.

ಇನ್ನು ಫ್ಯೂಸ್. ಬ್ರಿಟಿಷ್ ಬಣ್ಣದ ಪದ್ಧತಿಯಲ್ಲಿ ಸ್ವಿಚ್ಚಿಗೆ ಬರುವುದು ಹಸಿರು ವಯರ್, ಸ್ವಿಚ್ಚಿನಿಂದ ದೀಪಕ್ಕೆ ಹೋಗುವುದು ನೇರಳೆ ಗೆರೆಯ ಹಸಿರು, ಟೈಲಿಗೆ ಕೆಂಪು, ಅರ್ತಿಗೆ ಕಪ್ಪು. ನಾಲ್ಕು ದಶಕ ದಾಟಿದ ಕಾರಿನಲ್ಲಿ ಬಣ್ಣವನ್ನು ಪೂರ್ತಿ ನಂಬಬಾರದು, ಟೆಸ್ಟ್ ಲ್ಯಾಂಪಿನಲ್ಲಿ ನೋಡಿಯೇ ಮುಟ್ಟಿ. ಹಸಿರು ವಯರುಗಳೆಲ್ಲ ಇಗ್ನಿಷನ್ ಆನ್ ಆದ ಮೇಲೆ ಕರೆಂಟ್ ಸಿಗುವ ಒಂದೇ ಫ್ಯೂಸಿನ ಮಕ್ಕಳು. ಮುಂದೆಂದಾದರೂ ಬ್ರೇಕ್ ಲೈಟ್, ಇಂಡಿಕೇಟರ್, ಪೆಟ್ರೋಲ್ ಗೇಜ್ ಮೂರೂ ಒಟ್ಟಿಗೆ ಸತ್ತರೆ ನೇರ ಫ್ಯೂಸಿಗೆ ಕೈಹಾಕಿ. ಹಲವು ಸಲ ಫ್ಯೂಸ್ ಸುಟ್ಟಿರುವುದೇ ಇಲ್ಲ, ಕ್ಲಿಪ್ಪಿಗೆ ಕಿಲುಬು ಹಿಡಿದಿರುತ್ತದೆ. ತಿರುಗಿಸಿದರೆ ಬರುತ್ತದೆ, ಮರುದಿನ ಮತ್ತೆ ಹೋಗುತ್ತದೆ. ಕ್ಲಿಪ್ಪನ್ನು ಉಜ್ಜಿ ಸ್ವಲ್ಪ ಒಳಕ್ಕೆ ಬಾಗಿಸಿ. ಹಳೆಯ ಲೂಕಾಸ್ ಕಂಪನಿಯ ಫ್ಯೂಸಿನ ಮೇಲಿನ 35 ಆಂಪಿಯರ್ ಎಂಬುದು ಅದು ಸುಡುವ ಕರೆಂಟ್, ನಿರಂತರ ಹೊರುವುದು ಅದರ ಅರ್ಧ. ಈಗಿನ ಗಾಜಿನ ಫ್ಯೂಸಿನಲ್ಲಿ ಬರೆದಿರುವುದು ನಿರಂತರ ಹೊರುವ ಅಂಕಿ. ಹಾಗಾಗಿ 35ರ ಜಾಗಕ್ಕೆ ಈಗಿನ 35 ಹಾಕಿದರೆ ವಯರ್ ಸುಟ್ಟ ಮೇಲೆ ಫ್ಯೂಸ್ ಹೋಗುತ್ತದೆ. 15 ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ಕಂಡರೆ ಅದನ್ನು ಸುತ್ತಿದವರು ಬೇರೆಲ್ಲಿ ಏನೇನು ಮಾಡಿದ್ದಾರೆ ಎಂದೂ ಹುಡುಕಬೇಕಾಗುತ್ತದೆ.

ಎಲ್ಲ ಮುಗಿದ ಮೇಲೆ ದೀಪ ಉರಿಯುತ್ತಿರುವಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಹೋಲ್ಡರಿನ ಬ್ರೇಕ್ ಕಾಂಟ್ಯಾಕ್ಟಿಗೂ ಹೋಲ್ಡರಿನ ಮೈಗೂ ನಡುವೆ ಎಷ್ಟು ಎಂದು ನೋಡಿ. ವ್ಯತ್ಯಾಸ ಅರ್ಧ ವೋಲ್ಟಿನ ಆಸುಪಾಸಿನಲ್ಲಿದ್ದರೆ ಅತ್ಯುತ್ತಮ, ಒಂದರ ತನಕ ನಡೆದೀತು. ಫಿಲಮೆಂಟಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ: 12ರ ಬದಲು 10 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಅರ್ಧ. ವ್ಯತ್ಯಾಸ ಹೆಚ್ಚಿದ್ದರೆ ಫ್ಯೂಸಿನ ಒಳಗೆ, ಹೊರಗೆ, ಸ್ವಿಚ್ಚಿನ ಒಳಗೆ, ಹೊರಗೆ ಎಂದು ಹಂತ ಹಂತವಾಗಿ ಅಳೆಯುತ್ತ ಬನ್ನಿ, ಎಲ್ಲಿ ಒಮ್ಮೆಲೇ ಇಳಿಯಿತೋ ಅಲ್ಲಿ ದೋಷ. ಹೆಚ್ಚಿನ ಸಲ ಅದು ಡಿಕ್ಕಿಯ ಪಕ್ಕದ ಬುಲೆಟ್ ಕನೆಕ್ಟರಿನಲ್ಲಿ (ಎರಡು ವಯರಿನ ತುದಿ ತೂರಿಸಿ ಕೂಡಿಸುವ ಜೋಡಣೆ) ಇರುತ್ತದೆ, ಇಲ್ಲವೇ ತಗಡಿನ ತೂತಿನ ರಬ್ಬರ್ ಹೋಗಿ ವಯರ್ ಉಜ್ಜಿದ ಕಡೆ, ಇಲಿ ಕಡಿದ ಕಡೆ. ವಯರ್ ಕತ್ತರಿಸಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ ಕೆಂಪಗೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ ಹೊಸ ತುಂಡು ಸೇರಿಸಿ, ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಇನ್ಸುಲೇಷನ್ ಟೇಪಿನ ಅಂಟು ನಮ್ಮ ಸೆಕೆಗೆ ಕರಗುತ್ತದೆ, ಹೀಟ್ ಶ್ರಿಂಕ್ ಟ್ಯೂಬ್ ಬಳಸಿ. ವಯರನ್ನು ಎಲ್ಲಿ ಬಾಗಿಸಿದರೂ ಮೇಲಿನ ಹೊದಿಕೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಮಾತ್ರ ಗ್ಯಾರೇಜಿನವರು ಹೇಳಿದ್ದು ಸರಿ.

ಲ್ಯಾಂಪ್ ಮರಳಿ ಕೂರಿಸುವಾಗ ಹೊಸ ರಬ್ಬರ್ ಹಾಕಿ. ಸಿಲಿಕೋನ್ ಬಳಿದು ಸುತ್ತಲೂ ಮುಚ್ಚಬೇಡಿ. ಮಳೆಗಾಲದಲ್ಲಿ ನೀರು ಹೇಗೋ ಒಳಬರುತ್ತದೆ, ಹೊರಹೋಗುವ ದಾರಿಯಾದರೂ ಇರಲಿ. ಲೆನ್ಸಿನ ಕೆಳಗಿನ ಸಣ್ಣ ತೂತನ್ನು ಕಡ್ಡಿ ಹಾಕಿ ಬಿಡಿಸಿಡಿ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂತೂ ಬೇಡವೇ ಬೇಡ, ಅದರ ಆಮ್ಲ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಒಳಗಿನ ರಿಫ್ಲೆಕ್ಟರ್ ಮಾಸಿದ್ದರೆ ಬಿಳಿ ಬಣ್ಣ ಬಳಿದರೂ ಬೆಳಕು ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಎಲ್‌ಇಡಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅದಕ್ಕೆ ಕಡಿಮೆ ಕರೆಂಟ್ ಸಾಕಾಗುವುದರಿಂದ ಕೆಟ್ಟ ಜಾಯಿಂಟ್ ಇದ್ದರೂ ಉರಿದು ರೋಗ ಮುಚ್ಚಿಡುತ್ತದೆ. ಮೊದಲು ಮಾಮೂಲಿ ಬಲ್ಬಿನಲ್ಲಿ ಸರಿಮಾಡಿ, ಆಮೇಲೆ ಬೇಕಿದ್ದರೆ ಕೆಂಪು ಲೆನ್ಸಿಗೆ ಕೆಂಪು ಎಲ್‌ಇಡಿಯನ್ನೇ ಹಾಕಿ.

ತಪಾಸಣೆಗೆ ಹೊರಡುವ ಹಿಂದಿನ ದಿನ ಸಂಜೆ ಕಾರಿನ ಹಿಂಭಾಗವನ್ನು ಗೋಡೆಯ ಕಡೆ ನಿಲ್ಲಿಸಿ. ಬ್ರೇಕ್ ಮಾತ್ರ, ಬ್ರೇಕ್ ಜೊತೆ ಪಾರ್ಕ್ ಲೈಟ್, ಅದರ ಜೊತೆ ಎಡ ಇಂಡಿಕೇಟರ್, ನಂತರ ಬಲ ಇಂಡಿಕೇಟರ್ ಹಾಕಿ ಗೋಡೆಯ ಮೇಲಿನ ಎರಡು ಕೆಂಪು ಬೆಳಕು ಸಮಾನವಾಗಿವೆಯೇ ನೋಡಿ. ಪೆಡಲ್ ಬಿಟ್ಟ ತಕ್ಷಣ ಎರಡೂ ಆರಬೇಕು. ಆರಲು ತಡವಾದರೆ ಸ್ವಿಚ್ಚಿಗೆ ಬೈಯುವ ಮುನ್ನ ಚಕ್ರ ತಿರುಗಿಸಿ ನೋಡಿ: ಬಿಗಿಯಾಗಿದ್ದರೆ ಪೈಪಿನಲ್ಲಿ ಒತ್ತಡ ಉಳಿದಿದೆ. ಒಳಗೆ ಊದಿಕೊಂಡ ಹೋಸ್ ಅಥವಾ ಮಾಸ್ಟರ್ ಸಿಲಿಂಡರಿನ ಕಟ್ಟಿದ ರಂಧ್ರ ಅದಕ್ಕೆ ಕಾರಣವಿರುತ್ತದೆ. ಹಾಗಿದ್ದರೆ ಆಗುಂಬೆ ಘಾಟಿ ಇಳಿಯುವ ಯೋಚನೆಯನ್ನು ಮುಂದೂಡಿ. ಆರ್‌ಟಿಒ ಕಚೇರಿಗೆ ಹೋಗುವಾಗ ಒಂದು 21/5 ಬಲ್ಬ್, ಎರಡು ಫ್ಯೂಸ್ ಜೊತೆಗಿರಲಿ. ಇಗ್ನಿಷನ್ ಕೀ ತಿರುಗಿಸದೆ ಈ ಕಾರಿನ ಬ್ರೇಕ್ ಲೈಟ್ ಉರಿಯುವುದಿಲ್ಲ ಎಂಬುದನ್ನು ಇನ್‌ಸ್ಪೆಕ್ಟರಿಗೆ ಮೊದಲೇ ಹೇಳಿಬಿಡಿ.